ಒಂದೇ ತೂಕದ ಎರಡು ಸೆಟ್ ಚಕ್ರ

ಒಬ್ಬ ಮನುಷ್ಯ ತನ್ನ ಕೈಗಳನ್ನು ನಂಬುವುದನ್ನು ಬಿಡುವ ಹಾಗೆ ನಾನು ಮಾಡಿದೆ. ಹೊಡೆದು ಬಡಿದು ಮಾಡಿದ್ದಲ್ಲ. ಮೊಣಕಾಲಿನ ಎತ್ತರಕ್ಕೂ ಬಾರದ ಒಂದು ಬ್ಯಾಟರಿ ಬಗ್ಗಿಯ ನಾಲ್ಕು ಚಕ್ರಗಳಿಂದ ಮಾಡಿದೆ. ಕೇಳಿದವರಿಗೆ ನಗು ಬರಬಹುದು. ನನಗೆ ಈಗ ನಗುವೂ ಬರುವುದಿಲ್ಲ, ಅಳುವೂ ಬರುವುದಿಲ್ಲ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಅವರು ಮತ್ತು ನಾನು ಪೀಣ್ಯದ ಒಂದೇ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಇದ್ದೆವು. ನಾನು ಬರೀ ಎಸ್ಸೆಸ್ಸೆಲ್ಸಿ ಓದಿದವನು, ಲೇತ್ ಮೇಲೆ ನಿಂತು ಕೆಲಸ. ಅವರು ಇನ್‌ಸ್ಪೆಕ್ಷನ್ ಮೇಜಿನವರು. ನಾನು ತಿರುಗಿಸಿದ ಶಾಫ್ಟು, ಬುಷ್ಷು ಎಲ್ಲವೂ ಅವರ ಮೇಜಿಗೆ ಹೋಗಬೇಕಿತ್ತು. ಅವರು ಅಳೆದು, ಸರಿಯಿದ್ದರೆ ಬಲಗಡೆಯ ಟ್ರೇಗೆ ಇಡುತ್ತಿದ್ದರು. ಇಲ್ಲವಾದರೆ ಒಂದು ಬೊಟ್ಟು ಕೆಂಪು ಬಣ್ಣ ಹಚ್ಚಿ ಎಡಗಡೆಗೆ ಇಡುತ್ತಿದ್ದರು. ನಮ್ಮಿಬ್ಬರ ವಯಸ್ಸು ಒಂದೇ. ಆದರೂ ನನಗೆ ಅವರು ‘ಸಾರ್’, ಅವರಿಗೆ ನಾನು ‘ನೀನು’. ರಿಟೈರ್ ಆದ ಮೇಲೆ, “ಇನ್ನೂ ಏನಯ್ಯ ಸಾರ್ ಗೀರ್, ಬಿಡು” ಎಂದು ಅವರು ಹೇಳಿದ್ದರು. ನನ್ನ ನಾಲಿಗೆ ಬಗ್ಗಲಿಲ್ಲ.

ಅವರಿಗೆ ತಮ್ಮ ಕೈಗಳ ಮೇಲೆ ಹೆಮ್ಮೆ ಇತ್ತು. ಮನೆಯ ಬಗ್ಗೆಯಾಗಲಿ ಮಕ್ಕಳ ಬಗ್ಗೆಯಾಗಲಿ ಅವರು ಜಂಬ ಕೊಚ್ಚಿದ್ದನ್ನು ನಾನು ಕೇಳಿಲ್ಲ. ಆದರೆ ಮೈಕ್ರೋಮೀಟರ್ ಮುಟ್ಟುವ ಮೊದಲೇ ಶಾಫ್ಟನ್ನು ಎರಡು ಬೆರಳಲ್ಲಿ ಉರುಳಿಸಿ, “ಒಂದು ಕೂದಲಷ್ಟು ದಪ್ಪ ಇದೆ ಕಣಯ್ಯ, ತಗೊಂಡ್ಹೋಗು” ಎನ್ನುತ್ತಿದ್ದರು. ಆಮೇಲೆ ಅಳೆದರೆ ಹಾಗೆಯೇ ಇರುತ್ತಿತ್ತು. ಆಗ ಸುತ್ತಲಿನವರ ಮುಖವನ್ನು ಒಂದು ಸಲ ನೋಡುತ್ತಿದ್ದರು. ಅಷ್ಟೇ ಅವರ ಹೆಮ್ಮೆ.

ನಿವೃತ್ತಿಯ ನಂತರ ನಾನು ಪೀಣ್ಯ ಎರಡನೇ ಹಂತದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಅರ್ಧ ದಿನ ಕೆಲಸ ಹಿಡಿದೆ. ಅವರು ವಾರಕ್ಕೆರಡು ಸಲ ಸ್ಕೂಟರಿನಲ್ಲಿ ಅಲ್ಲಿಗೆ ಬಂದು, ಟೀ ಕುಡಿದು, ನಾನು ಮಾಡಿದ ಕೆಲಸದಲ್ಲಿ ತಪ್ಪು ಹುಡುಕಿ ಹೋಗುತ್ತಿದ್ದರು. ಒಂದು ದಿನ ವೈಟ್‌ಫೀಲ್ಡ್ ಕಡೆಯ ಒಬ್ಬ ಇಂಜಿನಿಯರು ಸೊಟ್ಟಗಾದ ಒಂದು ಸಣ್ಣ ಆಕ್ಸಲ್ ಹಿಡಿದುಕೊಂಡು ಬಂದ. ರಿಮೋಟಿನಲ್ಲಿ ಓಡಿಸುವ ಸಣ್ಣ ರೇಸ್ ಕಾರಿನದು, ಬಗ್ಗಿ ಅನ್ನುತ್ತಾರೆ. ನಾನು ಹೊಸದು ಮಾಡಿ ಹಾಕಿದೆ. ಸರಿಯಾಗಿದೆಯೋ ಇಲ್ಲವೋ ನೋಡಲು ಅವನು ಗಾಡಿಯನ್ನು ರಸ್ತೆಗೆ ಬಿಟ್ಟ. ನಮ್ಮ ಇನ್‌ಸ್ಪೆಕ್ಟರ್ ಸಾಹೇಬರು, “ಕೊಡಿ ಇಲ್ಲಿ” ಎಂದು ರಿಮೋಟ್ ಇಸಿದುಕೊಂಡು, ನಿಂತಿದ್ದ ಟೆಂಪೋಗಳ ನಡುವೆ, ಕಬ್ಬಿಣದ ತುಂಡುಗಳ ರಾಶಿಯ ಪಕ್ಕದಲ್ಲಿ, ಎಲ್ಲೂ ತಾಗಿಸದೆ ಹಾವಿನಂತೆ ಓಡಿಸಿದರು.

“ಅಂಕಲ್, ಮುಂಚೆ ಓಡ್ಸಿದೀರಾ?” ಎಂದ ಆ ಇಂಜಿನಿಯರು.

“ಇದೇ ಮೊದ್ಲು.”

“ಸುಳ್ಳು ಹೇಳ್ಬೇಡಿ. ಸಕ್ಕತ್ ಕೈ ಅಂಕಲ್ ನಿಮ್ದು.”

ಆ ಮಾತೇ ನಮ್ಮಿಬ್ಬರನ್ನೂ ಆ ಆಟಕ್ಕೆ ಎಳೆದದ್ದು. ಅವನ ಗುಂಪಿನವರು ಭಾನುವಾರ ಬೆಳಿಗ್ಗೆ ಮಾದನಾಯಕನಹಳ್ಳಿಯ ಹತ್ತಿರ ಒಂದು ಗೋಡೌನಿನ ಪಕ್ಕದ ಖಾಲಿ ಜಾಗದಲ್ಲಿ ರೇಸು ನಡೆಸುತ್ತಿದ್ದರು. ಮಣ್ಣಿನ ಟ್ರ್ಯಾಕು, ಏಳೆಂಟು ತಿರುವು, ಎರಡು ದಿಬ್ಬ. ಜಾಗ ಅದೇ ಊರಿನ ಒಬ್ಬ ಯಜಮಾನರದು. ಮೊದಲು ಅಲ್ಲಿ ರಾಗಿ ಬೆಳೆಯುತ್ತಿದ್ದರಂತೆ. ಈಗ ಸುತ್ತಲೂ ಅವರದೇ ಗೋಡೌನುಗಳು. ಹೊಂಗೆ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತು, ಓಡುವ ಗಾಡಿಗಳಿಗೂ ಓಡಿಸುವವರಿಗೂ ಬಾಯಿಗೆ ಬಂದದ್ದು ಅನ್ನುತ್ತಿದ್ದರು. ಜಾಗಕ್ಕೆ ಅವರು ಕೇಳುತ್ತಿದ್ದ ಬಾಡಿಗೆ ಅದೊಂದೇ.

ನಾವಿಬ್ಬರೂ ಆ ಗುಂಪಿನವರಿಂದ ಹಳೆಯ ಬಗ್ಗಿಗಳನ್ನು ತೆಗೆದುಕೊಂಡೆವು. ಎರಡೂ ಒಂದೇ ಕಂಪನಿಯವು, ಒಂದೇ ಮೋಟಾರು. ಓಡಿಸಲು ಕಲಿತದ್ದು ಒಟ್ಟಿಗೆ. ಗಾಡಿ ರಿಪೇರಿ ಎಲ್ಲಾ ನನ್ನದು. ಅಲ್ಲಿ ಎಲ್ಲರಿಗೂ ಹಿಡಿದಿದ್ದ ಹುಚ್ಚು ಚಕ್ರದ ತೂಕ ಇಳಿಸುವುದು.

ಅದು ಹುಚ್ಚಲ್ಲ, ನಿಜವಾದ ವಿಷಯ. ಬಗ್ಗಿಯ ಮೈಯಲ್ಲಿರುವ ಹತ್ತು ಗ್ರಾಂ ಬೇರೆ, ಚಕ್ರದಲ್ಲಿರುವ ಹತ್ತು ಗ್ರಾಂ ಬೇರೆ. ಮೈಯ ಭಾರವನ್ನು ಮೋಟಾರು ಮುಂದಕ್ಕೆ ಎಳೆದರೆ ಸಾಕು. ಚಕ್ರದ ಭಾರವನ್ನು ಮುಂದಕ್ಕೂ ಎಳೆಯಬೇಕು, ತಿರುಗಿಸಲೂ ಬೇಕು. ತಿರುವಿನಲ್ಲಿ ನಿಧಾನ ಮಾಡಿ ಮತ್ತೆ ಎತ್ತುವಾಗ ಅದು ಗೊತ್ತಾಗುತ್ತದೆ. ಹಗುರ ಚಕ್ರದ ಗಾಡಿ ಬೆರಳು ಒತ್ತಿದ ಕೂಡಲೇ ಚಿಮ್ಮುತ್ತದೆ. ಭಾರದ ಚಕ್ರದ್ದು ಒಂದು ಕ್ಷಣ ಯೋಚನೆ ಮಾಡಿದ ಹಾಗೆ ಮಾಡಿ ಹೊರಡುತ್ತದೆ.

ನಾನು ಚಕ್ರಗಳನ್ನು ಕುದಿಯುವ ನೀರಿನಲ್ಲಿ ಹಾಕಿ ಅಂಟು ಬಿಡಿಸಿ, ಟೈರು ಕಳಚುತ್ತಿದ್ದೆ. ಪ್ಲಾಸ್ಟಿಕ್ ರಿಮ್ಮನ್ನು ಲೇತಿಗೆ ಏರಿಸಿ, ಹರಿತವಾದ ಟೂಲಿನಿಂದ ಅಂಚಿನ ಗೋಡೆಯನ್ನು ಕಾಗದದಷ್ಟು ಕಾಗದದಷ್ಟೇ ತೆಗೆಯುತ್ತಿದ್ದೆ. ಟೈರಿನ ಒಳಮೈಯನ್ನು ಉಪ್ಪುಕಾಗದದಿಂದ ಉಜ್ಜಿ ತೆಳುಮಾಡುತ್ತಿದ್ದೆ. ಟೈರಿನೊಳಗೆ ಗಾಳಿಯ ಬದಲು ಇರುವ ಸ್ಪಂಜಿನ ಅಂಚು ಕತ್ತರಿಸಿ, ಅಂಟನ್ನು ಸೂಜಿಯಲ್ಲಿ ಬಿಟ್ಟು ಮತ್ತೆ ಕೂಡಿಸುತ್ತಿದ್ದೆ. ನನ್ನದು ಒಂದು ಸೆಟ್, ಅವರದು ಒಂದು ಸೆಟ್. ಎರಡೂ ಒಂದೇ ರೀತಿ.

ಅವರು ಚಿನ್ನದಂಗಡಿಯಲ್ಲಿ ಇರುವಂಥ, ಬ್ಯಾಟರಿಯಲ್ಲಿ ನಡೆಯುವ ಸಣ್ಣ ತಕ್ಕಡಿ ಕೊಂಡಿದ್ದರು. ವರ್ಕ್‌ಶಾಪಿಗೆ ಬಂದು ಎಂಟೂ ಚಕ್ರಗಳನ್ನು ಒಂದೊಂದಾಗಿ ತೂಗುತ್ತಿದ್ದರು. ರಿಟೈರ್ ಆದರೂ ಅದು ಬಿಟ್ಟಿರಲಿಲ್ಲ.

“ಪಾಸ್. ಪಾಸ್. ಇದೂ ಪಾಸ್. ಏನಯ್ಯ, ಸರ್ವೀಸಲ್ಲಿದ್ದಾಗ ಇಷ್ಟ್ ಚೆನ್ನಾಗ್ ಮಾಡಿದ್ದಿದ್ರೆ ನನ್ ಕೆಂಪು ಬಣ್ಣ ಉಳೀತಿತ್ತಲ್ಲೋ!”

ಐದಾರು ತಿಂಗಳು ಹಾಗೆಯೇ ನಡೆಯಿತು. ಪ್ರತಿ ಭಾನುವಾರ ಅವರು ಮುಂದೆ, ನಾನು ಹಿಂದೆ. ಇಂಜಿನಿಯರುಗಳಲ್ಲೂ ಇಬ್ಬರು ಮೂವರು ಬಿಟ್ಟರೆ ಉಳಿದವರೆಲ್ಲ ಅವರಿಗಿಂತ ಹಿಂದೆ. ಒಂದು ಸಲ ಜಾಗದ ಯಜಮಾನರು ಕುರ್ಚಿಯಿಂದಲೇ ನನ್ನನ್ನು ಕೂಗಿದರು.

“ಅಲ್ಲ ಕಣಣ್ಣೋ, ಅವ್ರ್ ಗಾಡಿಗೆ ಗಾಲಿ ಮಾಡ್ಕೊಟ್ಟೋನು ನೀನೇಯ?”

“ಹೂಂ, ನಾನೇ.”

“ಮತ್ತೆ ನಿಂಗ್ಯಾಕೆ ಇಂಗೆ? ಅಡುಗೆ ಮಾಡ್ದೋನು ನೀನು, ಉಂಡೋಗೋರು ಅವ್ರು!”

ಎಲ್ಲರೂ ನಕ್ಕರು. ಅವರೂ ನಕ್ಕರು. ನಾನೂ ನಕ್ಕೆ. ಆ ಮಾತಿನಿಂದ ಸಿಟ್ಟು ಬಂತು ಎಂದು ಹೇಳಿದರೆ ಬರೆಯುವುದಕ್ಕೆ ಸುಲಭ. ಸಿಟ್ಟು ಬಂದಿರಲಿಲ್ಲ. ಮೂವತ್ತು ವರ್ಷದ ಕೆಂಪು ಬೊಟ್ಟುಗಳು ನೆನಪಾದವು ಎಂದೂ ಹೇಳಲಾರೆ. ಒಂದು ಸಲ ಮುಂದೆ ಹೋಗಿ ನೋಡಬೇಕು ಅನ್ನಿಸಿತು, ಅಷ್ಟೇ. ಅಷ್ಟಕ್ಕೇ ಮಾಡಿದೆ.

ಲೇತ್ ಕೆಲಸದವರಿಗೆಲ್ಲ ಒಂದು ವಿಷಯ ಗೊತ್ತು. ತುಂಡನ್ನು ಕಚ್ಚಿ ಹಿಡಿದು ತಿರುಗುವ ಚಕ್ ದೊಡ್ಡದಿದ್ದರೆ ಲೇತು ನಿಧಾನವಾಗಿ ವೇಗ ಹಿಡಿಯುತ್ತದೆ. ತಿರುಗುವ ವಸ್ತುವಿನ ಭಾರ ನಡುವಿನಲ್ಲಿದ್ದರೆ ತಿರುಗಿಸುವುದು ಸುಲಭ, ಅಂಚಿನಲ್ಲಿದ್ದರೆ ಕಷ್ಟ. ಆ ವಾರ ನನ್ನ ಸೆಟ್ಟಿನಲ್ಲಿ ಯಾವಾಗಿನಂತೆ ಅಂಚಿನಿಂದ, ಟೈರಿನಿಂದ, ಸ್ಪಂಜಿನಿಂದ ತೂಕ ತೆಗೆದೆ. ಅವರ ಸೆಟ್ಟಿಗೆ ಹೊಸ ರಿಮ್ಮು ತೆಗೆದುಕೊಂಡು, ಅಂಚನ್ನು ಮುಟ್ಟದೆ ಹಾಗೇ ದಪ್ಪ ಬಿಟ್ಟು, ಅಷ್ಟೇ ತೂಕವನ್ನು ಒಳಮುಖದಿಂದ, ಆಕ್ಸಲ್ ಕೂರುವ ನಡುವಿನ ಗುಂಬದಿಂದ ಕೆರೆದು ತೆಗೆದೆ. ಟೈರಿನ ಒಳಮೈ ಉಜ್ಜಲಿಲ್ಲ. ಟೈರು ಅಂಟಿಸಿದ ಮೇಲೆ ಅಂಚಿನ ದಪ್ಪ ಯಾರಿಗೂ ಕಾಣುವುದಿಲ್ಲ. ಹೊರಗಿನಿಂದ ಎರಡೂ ಸೆಟ್ ಒಂದೇ ಬಿಳಿ ಬಣ್ಣ, ಒಂದೇ ಆಕಾರ.

ಅವರು ಬಂದು ತೂಗಿದರು. ಎರಡೂ ಒಂದೇ ತೂಕ.

“ಪಾಸ್” ಎಂದರು.

ತಕ್ಕಡಿ ಭಾರ ಎಷ್ಟಿದೆ ಎಂದು ಹೇಳುತ್ತದೆ, ಎಲ್ಲಿದೆ ಎಂದು ಹೇಳುವುದಿಲ್ಲ. ಜೀವಮಾನವೆಲ್ಲ ಅಳೆದೇ ಬದುಕಿದವರು ಅಳತೆಯನ್ನು ನಂಬಿದರು. ಅವರು ನಂಬುತ್ತಾರೆ ಎಂದು ನನಗೆ ಗೊತ್ತಿತ್ತು.

ಆ ಭಾನುವಾರ ನಾನು ಮುಂದೆ ಬಂದೆ. ಅವರು ಪ್ರತಿ ತಿರುವಿನಲ್ಲೂ ಒಂದು ಗೇಣು ಹಿಂದೆ ಬಿದ್ದರು. ಅದನ್ನು ತುಂಬಿಸಲು ಮುಂದಿನ ತಿರುವಿಗೆ ಬೇಗ ನುಗ್ಗಿ, ದಿಬ್ಬದ ಮೇಲೆ ಗಾಡಿ ಮಗುಚಿಕೊಂಡರು.

“ಏನ್ ಸಾಮಿ, ಇನ್ನೂ ನಿದ್ದೆಗಣ್ಣಾ?” ಎಂದರು ಯಜಮಾನರು.

“ನಿಮ್ ಟ್ರ್ಯಾಕಿಗೇ ನಿದ್ದೆ ಬಂದಿದೆ” ಎಂದು ಅವರು ನಗುತ್ತಲೇ ಉತ್ತರ ಕೊಟ್ಟರು. ಆಮೇಲೆ ನನ್ನ ಪಕ್ಕ ಬಂದು, ಯಾರಿಗೂ ಕೇಳದ ಹಾಗೆ, “ಯಾಕೋ ಬೆರಳು ತಡ ಆಗ್ತಿದೆ ಕಣಯ್ಯ. ನಾನ್ ಒತ್ತೋದೊಂದು, ಅದು ಹೋಗೋದೊಂದು” ಎಂದರು.

ಆಗಲೇ ಹೇಳಬಹುದಿತ್ತು. ಸಾರ್, ತಮಾಷೆಗೆ ಹೀಗೆ ಮಾಡಿದ್ದೆ ಎಂದಿದ್ದರೆ ಬೈದು, ಎರಡು ಗುದ್ದಿ, ವಾರವೆಲ್ಲ ಆ ಕಥೆಯನ್ನೇ ಹೇಳಿಕೊಂಡು ನಗುತ್ತಿದ್ದರು. ನಾನು, “ಒಂದೊಂದ್ ದಿನ ಹಂಗೇ ಸಾರ್” ಎಂದೆ.

ಮುಂದಿನ ವಾರವೂ ಅದೇ ಚಕ್ರ. ಅದರ ಮುಂದಿನ ವಾರವೂ. ಅವರು ಬ್ಯಾಟರಿ ಬದಲಾಯಿಸಿದರು. ಮೋಟಾರು ಬದಲಾಯಿಸಿದರು. ಬೇರಿಂಗುಗಳನ್ನು ತೊಳೆದು ಎಣ್ಣೆ ಬಿಟ್ಟರು. ಚಕ್ರಗಳನ್ನು ಮತ್ತೆ ತೂಗಿದರು. ಕಾರಣ ಹುಡುಕುವುದೇ ಅವರ ಉದ್ಯೋಗವಾಗಿತ್ತು, ಅದನ್ನು ಕ್ರಮವಾಗಿಯೇ ಹುಡುಕಿದರು. ಕೊನೆಗೆ ಒಂದು ಭಾನುವಾರ, “ನಿನ್ ಗಾಡಿ ಕೊಡು, ಒಂದ್ ರೌಂಡ್ ನೋಡೋಣ” ಎಂದರು.

ಈ ಭಾಗವನ್ನು ಬರೆಯಲು ಎರಡು ದಿನ ಹಿಡಿಯಿತು.

“ತಡೀರಿ ಸಾರ್, ಟೈರಿಗೆ ಮಣ್ಣು ಮೆತ್ಕೊಂಡಿದೆ, ಬದಲಾಯಿಸಿ ಕೊಡ್ತೀನಿ” ಎಂದೆ. ಅವರಿಗಾಗಿ ಅದೇ ರೀತಿ ಅಂಚು ದಪ್ಪವಿರುವ ಇನ್ನೊಂದು ಸೆಟ್ ಮಾಡಿ ಚೀಲದಲ್ಲಿ ಇಟ್ಟಿದ್ದೆ. ನನ್ನ ಚಕ್ರಗಳನ್ನು ಬಿಚ್ಚಿ, ಅವನ್ನು ಹಾಕಿ, ನನ್ನ ಗಾಡಿಯನ್ನು ಅವರ ಕೈಗೆ ಕೊಟ್ಟೆ. ಅವರು ಮೂರು ಸುತ್ತು ಓಡಿಸಿದರು. ಅದೇ ತಡ. ನಾಲ್ಕನೆಯ ಸುತ್ತಿನ ನಡುವೆ ಗಾಡಿ ನಿಲ್ಲಿಸಿ, ತಾವೇ ನಡೆದು ಹೋಗಿ ಎತ್ತಿಕೊಂಡು ಬಂದು, ನನಗೆ ಕೊಟ್ಟರು.

“ಗಾಡಿದಲ್ಲ ಹಾಗಾದ್ರೆ” ಎಂದರು.

ಗಾಡಿ ಬದಲಾದರೂ ತಪ್ಪು ಹಾಗೇ ಉಳಿದರೆ ತಪ್ಪು ಕೈಯದು. ಯಾರೇ ಇನ್‌ಸ್ಪೆಕ್ಟರ್ ಆದರೂ ಹಾಗೆಯೇ ತೀರ್ಮಾನ ಮಾಡುತ್ತಿದ್ದರು. ಅವರು ತಮ್ಮ ಕೈಗಳನ್ನು ಎಡಗಡೆಯ ಟ್ರೇಗೆ ಇಟ್ಟರು.

ಮಳೆಗಾಲಕ್ಕೆ ಮುಂಚೆ ಅವರು ಬರುವುದನ್ನು ನಿಲ್ಲಿಸಿದರು. ಬಗ್ಗಿ ಅಟ್ಟ ಸೇರಿತು ಎಂದು ಅವರ ಹೆಂಡತಿ ಫೋನಿನಲ್ಲಿ ಹೇಳಿದರು. ಆಮೇಲೆ ಸ್ಕೂಟರ್ ತೆಗೆಯುವುದು ಬಿಟ್ಟರಂತೆ, ಬ್ರೇಕ್ ಹಿಡಿಯುವುದು ತಡವಾದರೆ ಯಾರ ಮೇಲಾದರೂ ಹತ್ತಿಸಿಬಿಡುತ್ತೇನೆ ಎಂದು. ವರ್ಕ್‌ಶಾಪಿಗೂ ಬರಲಿಲ್ಲ. ಬೀದಿಯವರ ಮಿಕ್ಸಿ, ಫ್ಯಾನು ರಿಪೇರಿ ಮಾಡಿಕೊಡುತ್ತಿದ್ದವರು, ತಂದವರನ್ನು ಬಾಗಿಲಿನಿಂದಲೇ ವಾಪಸು ಕಳಿಸತೊಡಗಿದರು. ಗಡ್ಡವನ್ನು ತಾವೇ ತೆಗೆಯದೆ ಕ್ಷೌರದ ಅಂಗಡಿಗೆ ಹೋಗತೊಡಗಿದರು. ಡಾಕ್ಟರಿಗೆ ತೋರಿಸಿದರು. ಡಾಕ್ಟರು ಬೆರಳು ಮಡಚಿಸಿ, ಮೂಗು ಮುಟ್ಟಿಸಿ, ಏನೂ ಇಲ್ಲ ಎಂದರು. ಏನೂ ಇಲ್ಲ ಎಂದರೆ ಅವರಿಗೆ ಕಂಡುಹಿಡಿಯಲು ಆಗಲಿಲ್ಲ ಎಂದು ಇವರು ಅರ್ಥ ಮಾಡಿಕೊಂಡರು.

ನಾನು ಇನ್ನೂ ಕೆಲವು ತಿಂಗಳು ಭಾನುವಾರಗಳಲ್ಲಿ ಹೋದೆ. ಒಂದೆರಡು ಸಲ ಮೊದಲಿಗನೂ ಆದೆ. ಚಪ್ಪಾಳೆ ತಟ್ಟಿದರು. ಗಾಡಿ ಎತ್ತಿಕೊಂಡು ಬಸ್ಸು ಹತ್ತಿದೆ. ಆಮೇಲೆ ಯಜಮಾನರು ಆ ಜಾಗದಲ್ಲೂ ಗೋಡೌನಿಗೆ ಪಾಯ ತೋಡಿಸಿದರು. ಆಟ ನಿಂತಿತು.

ಎರಡು ವರ್ಷ ಹೀಗೆ ಕಳೆಯಿತು. ಹೇಳಬೇಕು ಎಂದು ದಿನವೂ ಅನ್ನಿಸುತ್ತಿತ್ತು ಎಂದರೆ ಸುಳ್ಳು. ಹೆಚ್ಚಿನ ದಿನ ಏನೂ ಅನ್ನಿಸುತ್ತಿರಲಿಲ್ಲ. ಎದ್ದು, ವರ್ಕ್‌ಶಾಪಿಗೆ ಹೋಗಿ, ಬಂದು ಮಲಗುತ್ತಿದ್ದೆ. ಒಂದು ಬೆಳಿಗ್ಗೆ ಅವರ ಹೆಂಡತಿ ಫೋನ್ ಮಾಡಿ, “ಅಣ್ಣ, ಒಂದ್ಸಲ ಬಂದ್ ಹೋಗಿ. ಈಗ ಲೋಟ ಪೂರ್ತಿ ತುಂಬಿಸಿ ಕೊಡ್ಬೇಡ ಅಂತಾರೆ. ಅರ್ಧ ಲೋಟ ಕಾಫಿ ಕೊಟ್ಟು, ಆಮೇಲೆ ಇನ್ನರ್ಧ ಕೊಡ್ತೀನಿ. ಚೆಲ್ಲಿದ್ದು ನಾನ್ ಒಂದ್ ದಿನಾನೂ ನೋಡಿಲ್ಲ” ಎಂದರು. ಅವತ್ತು ನನ್ನ ಚಕ್ರಗಳ ಸೆಟ್ಟನ್ನು ಚೀಲಕ್ಕೆ ಹಾಕಿಕೊಂಡು ಹೊರಟೆ.

ಅವರ ಮನೆ ನಾಗಸಂದ್ರ ಮೆಟ್ರೋ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರ. ಅವರು ಹಾಲಿನಲ್ಲಿ ಪೇಪರ್ ಓದುತ್ತಾ ಕೂತಿದ್ದರು. ನನ್ನನ್ನು ನೋಡಿ, “ಬಾರಯ್ಯ, ನೀನ್ ಸತ್ತೆ ಅನ್ಕೊಂಡಿದ್ದೆ” ಎಂದರು.

ನಾನು ಕೂತ ಕೂಡಲೇ ಹೇಳಿದೆ. ಸುತ್ತಿ ಬಳಸಲಿಲ್ಲ. “ಸಾರ್, ನಿಮ್ಮ ಕೈಗೆ ಏನೂ ಆಗಿಲ್ಲ. ನಿಮ್ಮ ಚಕ್ರ ನಾನೇ ಭಾರ ಮಾಡಿದ್ದೆ. ಬೇಕಂತಲೇ ಮಾಡಿದ್ದೆ.”

ಅವರು ಪೇಪರ್ ಮಡಚಿದರು. “ಯಾರ್ ಹೇಳ್ಕೊಟ್ರು ನಿಂಗೆ ಇದನ್ನ? ಇವಳಾ?”

“ಯಾರೂ ಇಲ್ಲ ಸಾರ್. ನಿಜ.”

“ಚಕ್ರ ನಾನೇ ತೂಗಿದೀನಿ ಕಣಯ್ಯ. ಒಂದ್ಸಲ ಅಲ್ಲ, ಹತ್ತು ಸಲ.”

“ತೂಕ ಒಂದೇ ಸಾರ್. ನಿಮ್ಮದ್ರಲ್ಲಿ ಭಾರ ಅಂಚಿನಲ್ಲಿತ್ತು. ನನ್ನದ್ರಲ್ಲಿ ನಡುವೆ ಇತ್ತು.”

ಅವರು ಹೆಂಡತಿಯನ್ನು ಕರೆದು ಅಟ್ಟದಿಂದ ಬಗ್ಗಿಯ ಪೆಟ್ಟಿಗೆ ಇಳಿಸಲು ಹೇಳಿದರು. ನಾನೇ ಏಣಿ ಹತ್ತಿ ಇಳಿಸಿಕೊಟ್ಟೆ. ಅದರೊಳಗೆ ಆ ಸಣ್ಣ ತಕ್ಕಡಿಯೂ ಇತ್ತು. ಹೆಂಡತಿ ಗಡಿಯಾರದ ಬ್ಯಾಟರಿ ತೆಗೆದು ಅದಕ್ಕೆ ಹಾಕಿಕೊಟ್ಟರು. ಅವರು ತಮ್ಮ ಚಕ್ರಗಳನ್ನು ಬಿಚ್ಚಿ, ನನ್ನ ಚಕ್ರಗಳನ್ನು ಚೀಲದಿಂದ ತೆಗೆದು, ಒಂದೊಂದಾಗಿ ತೂಗಿದರು. ಹಳೆಯ ಅಭ್ಯಾಸದಂತೆ ಪ್ರತಿ ಚಕ್ರವನ್ನೂ ಎರಡು ಬೆರಳಲ್ಲಿ ಹಿಡಿದು, ತಕ್ಕಡಿಯ ಸರಿಯಾದ ನಡುವಿಗೆ, ಸದ್ದಾಗದಂತೆ ಇಟ್ಟರು. ನಾನು ಅವರ ಕೈಯನ್ನೇ ನೋಡುತ್ತಿದ್ದೆ. ಅದು ಎಲ್ಲೂ ನಡುಗಲಿಲ್ಲ, ಎಲ್ಲೂ ತಡವಾಗಲಿಲ್ಲ.

ಎಂಟೂ ಆದ ಮೇಲೆ, “ಒಂದೇ” ಎಂದರು. “ನೋಡಿದ್ಯಾ? ಒಂದೇ.”

“ಸಾರ್, ತಕ್ಕಡೀಲಿ ಅದು ಗೊತ್ತಾಗಲ್ಲ...”

“ಲೋ, ಸಾಕು ಬಿಡು.” ಅವರು ನನ್ನ ಭುಜ ತಟ್ಟಿದರು. ಅವರು ನನ್ನನ್ನು ಮುಟ್ಟಿದ್ದು ಅದೇ ಮೊದಲಿರಬೇಕು. “ನಂಗೋಸ್ಕರ ಅಷ್ಟ್ ದೂರದಿಂದ ಬಂದು, ಇಲ್ಲದ ತಪ್ಪು ಮೈಮೇಲೆ ಹಾಕ್ಕೊಳ್ತಿದೀಯ. ನಂಗ್ ಅರ್ಥ ಆಗಲ್ವಾ? ವಯಸ್ಸಾಯ್ತು, ಕೈ ಹೋಯ್ತು. ಹೋಗ್ಲಿ ಬಿಡು.”

ಗೋಡೆಗೆ ಇಸ್ತ್ರಿ ಹಲಗೆ ಒರಗಿಸಿತ್ತು. ಅದರ ಒಂದು ತುದಿಯನ್ನು ಕುರ್ಚಿಯ ಮೇಲಿಟ್ಟು ಇಳಿಜಾರು ಮಾಡಿ, ಅವರದೊಂದು ಚಕ್ರ, ನನ್ನದೊಂದು ಚಕ್ರ ಜೊತೆಯಲ್ಲಿ ಬಿಟ್ಟಿದ್ದರೆ ಸಾಕಿತ್ತು. ಒಂದೇ ತೂಕದವು, ಒಂದೇ ಅಳತೆಯವು, ಆದರೆ ಅವರದು ಹಿಂದೆ ಬೀಳುತ್ತಿತ್ತು. ನಾಲ್ಕು ಸಲ ಬಿಟ್ಟರೆ ನಾಲ್ಕು ಸಲವೂ ಬೀಳುತ್ತಿತ್ತು. ಕಣ್ಣೆದುರು ಕಂಡದ್ದನ್ನು ಅವರು ಅಲ್ಲಗಳೆಯುವವರಲ್ಲ. ಎರಡು ನಿಮಿಷದ ಕೆಲಸ. ಮೆಟ್ರೋದಲ್ಲಿ ಬರುವಾಗಲೇ ಅದನ್ನು ಯೋಚಿಸಿದ್ದೆ, ಹಲಗೆ ಸಿಗದಿದ್ದರೆ ಏನು ಮಾಡುವುದು ಎಂದೂ ಯೋಚಿಸಿದ್ದೆ. ಹಲಗೆ ಅಲ್ಲೇ ಇತ್ತು.

ನಾನು ಎದ್ದು ಅದನ್ನು ತರಲಿಲ್ಲ. ಅವರ ಕೈ ನನ್ನ ಭುಜದ ಮೇಲಿತ್ತು. ಅವರ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. “ನಿಮ್ಮಂಥೋರು ಎಲ್ ಸಿಗ್ತಾರೆ ಅಣ್ಣ” ಎಂದರು. ಇಬ್ಬರೂ ನನ್ನನ್ನು ಒಳ್ಳೆಯವನು ಎಂದುಕೊಂಡಿದ್ದರು. ಹೇಳಬೇಕಾದದ್ದನ್ನು ಹೇಳಿಯಾಗಿತ್ತು, ನಂಬುವುದು ಬಿಡುವುದು ಅವರಿಗೆ ಬಿಟ್ಟದ್ದು ಎಂದು ನನ್ನೊಳಗೆ ಯಾವುದೋ ಒಂದು ಲೆಕ್ಕ ಮುಗಿದುಹೋಗಿತ್ತು. ಆ ಲೆಕ್ಕ ತಪ್ಪು ಎಂದು ಅದೇ ಹೊತ್ತಿನಲ್ಲಿ ಗೊತ್ತಿತ್ತು. ಆದರೂ ಸುಮ್ಮನೆ ಕೂತೆ.

ಉಪ್ಪಿಟ್ಟು ಕೊಟ್ಟರು, ಅವರೆಕಾಳು ಹಾಕಿ ಮಾಡಿದ್ದು. ತಿಂದೆ. ಇನ್ನೊಂದು ಸೌಟು ಬಡಿಸಿದರು. ಅದನ್ನೂ ತಿಂದೆ. ಅವರು ಹಳೆಯ ಕಾರ್ಖಾನೆಯ ಒಂದು ಕಥೆ ಹೇಳಿದರು, ಮ್ಯಾನೇಜರು ಗೇಟಿನ ಹೊರಗೆ ಸಿಕ್ಕಿಹಾಕಿಕೊಂಡದ್ದು. ಬಹಳ ದಿನದ ಮೇಲೆ ಅವರು ನಕ್ಕದ್ದು ಎಂದು ಹೆಂಡತಿ ಹೇಳಿದರು.

ಹೊರಡುವಾಗ ಅವರು ಗೇಟಿನವರೆಗೆ ಬಂದರು. ಅದು ಮನೆಗಳಿಗೆಲ್ಲ ಇರುವಂಥ ಸಣ್ಣ ಕಬ್ಬಿಣದ ಗೇಟು, ಬೆರಳಲ್ಲಿ ಎತ್ತಿದರೆ ತೆರೆಯುವ ಚಿಲಕ. ಅವರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಚಿಲಕವನ್ನು ನೋಡುತ್ತಾ ನಿಂತು, “ಏ, ಬಾರೇ ಇಲ್ಲಿ, ಗೇಟ್ ತೆಗಿ” ಎಂದು ಒಳಗೆ ಕೂಗಿದರು. ನಾನೇ ತೆಗೆಯಬಹುದಿತ್ತು. ತೆಗೆಯಲಿಲ್ಲ. ಇಬ್ಬರೂ ಕಾದೆವು. ಅವರ ಹೆಂಡತಿ ಒದ್ದೆ ಕೈ ಒರೆಸಿಕೊಳ್ಳುತ್ತಾ ಬಂದು ಚಿಲಕ ಎತ್ತಿದರು.

“ಬರ್ತೀನಿ ಸಾರ್” ಎಂದೆ.

“ಹುಷಾರಾಗಿ ಹೋಗಯ್ಯ” ಎಂದರು.